ನೀಲಿ ಬೇಡ, ಬೂದೇ ಬೇಕು

“ಈ ಕಾರ್ಖಾನೆಯ ಗೋಡೆಗೆ ನೀಲಿ ಮೋಟಾರು ಹತ್ತೋದು ನನ್ನ ಹೆಣ ಬಿದ್ದ ಮೇಲೆ,” ಎಂದರು ಯಜಮಾನರು.

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಬೆನ್ನ ಹಿಂದೆ ಸರಿಸಿದ. ಅದನ್ನು ಹಿಡಿದುಕೊಂಡೇ ಓಡಿಬಂದಿದ್ದ. ಹೆಣದ ಮಾತು ಬಂದಾಗ ಅದು ಬೆದರಿಕೆಯಂತೆ ಕಾಣಬಾರದಲ್ಲ.

ಬೆಳಿಗ್ಗೆ ಹತ್ತಕ್ಕೆ ಬಣ್ಣದ ಕೋಣೆಯ ಆವಿ ಎಳೆಯುವ ಫ್ಯಾನು ನಿಂತಿತ್ತು. ಅದರ ಬೂದು ಮೋಟಾರು ಒಂಬತ್ತು ವರ್ಷ ಒಂದು ಕೆಮ್ಮೂ ಇಲ್ಲದೆ ದುಡಿದು, ಇವತ್ತು ಒಂದೇ ಏಟಿಗೆ ಸುಟ್ಟು ಕೂತಿತ್ತು. ಕೆಮ್ಮುವ ಪಾಳಿ ಈಗ ಒಳಗಿದ್ದ ಆರು ಹೆಂಗಸರದು. ಅವರಲ್ಲೊಬ್ಬಳು ಮೇಸ್ತ್ರಿಯ ತಂಗಿ. ಚಿಕ್ಕಂದಿನಿಂದ ಉಬ್ಬಸದವಳು.

ಹೊಸ ಬೂದು ಬರಲು ಎಂಟು ದಿನ. ನೀಲಿಯಾದರೆ ಬೆಲೆ ಮೂರರಲ್ಲೊಂದು ಪಾಲು. ಯಾರಿಗೂ ಫೋನು ಮಾಡಬೇಕಿಲ್ಲ, ಮಧ್ಯಾಹ್ನದೊಳಗೆ ಫ್ಯಾನು ತಿರುಗುತ್ತದೆ.

“ಎಂಟೇ ದಿನ ಸಾರ್. ಬೂದು ಬಂದ ತಕ್ಷಣ ಇಳಿಸಿಬಿಡ್ತೀನಿ.”

“ನೀಲಿಗೂ ನಿನಗೂ ಅದೇನಯ್ಯಾ ನೆಂಟಸ್ತಿಕೆ?” ಯಜಮಾನರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿದರು. “ಅದು ಹೇಗೆ ಓಡತ್ತೆ ಗೊತ್ತಾ? ಮೊದಲನೇ ವಾರ ‘ಹೂಂ… ಹೂಂ…’, ಹೊಸ ಅಳಿಯ. ಎರಡನೇ ವಾರ ‘ಗೊರ್‌ರ್… ಗೊರ್‌ರ್…’, ಹಳೇ ಅಳಿಯ. ಮೂರನೇ ವಾರ…” ಕಣ್ಣು ಮೇಲೆ ಮಾಡಿ ನಾಲಿಗೆ ಹೊರಚಾಚಿದರು.

ಗುಮಾಸ್ತ ಹೊಟ್ಟೆ ಹಿಡಿದು ನಕ್ಕ. ಬೇರೆ ದಿನವಾಗಿದ್ದರೆ ಮೇಸ್ತ್ರಿಯೂ ನಗುತ್ತಿದ್ದ. ಆ ‘ಗೊರ್‌ರ್’ ಅಷ್ಟು ಕರಾರುವಾಕ್ಕಾಗಿತ್ತು.

“ಒಳಗಿನ ತಂತಿ ತೆಳು. ಬೇರಿಂಗು ಆಟದ ಸಾಮಾನು. ನಿನಗೆ ಗೊತ್ತಿಲ್ವಾ?”

“ಗೊತ್ತು ಸಾರ್. ಆ ಬೇರಿಂಗು ಬೇಡ ಅಂತ ನಾನೇ ಅವತ್ತು ಬಡಕೊಂಡೆ.”

“ಅವತ್ತಿನ ಮಾತು ಅವತ್ತಿಗೆ.” ಯಜಮಾನರ ದನಿ ತಗ್ಗಿತು. “ಆವಿ ತುಂಬಿದ ಕೋಣೆ ಅದು. ಆ ದರಿದ್ರದ್ದು ಒಂದೇ ಒಂದು ಕಿಡಿ ಹಾರಿಸಿದರೆ ಸೂರು ಹೋಗತ್ತೆ, ಸೂರಿನ ಕೆಳಗೆ ನಿನ್ನ ತಂಗಿಯೂ ಹೋಗ್ತಾಳೆ. ಬೇಕಾ?”

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

“ಹಾಗಾದ್ರೆ ಎಂಟು ದಿನ ಬಣ್ಣದ ಕೆಲಸ ನಿಲ್ಲಿಸಿ ಸಾರ್.”

“ನಾಳೆ ಲಾರಿ ಬಂದು ನಿಲ್ಲತ್ತೆ. ಮಾಲನ್ನ ಬೆತ್ತಲೆ ಕಳಿಸಲಾ? ಹೋಗು, ಬೂದು ಮೋಟಾರಿಗೆ ಹೇಳಿಯಾಗಿದೆ. ಒಳ್ಳೇ ಸಾಮಾನಿಗೆ ನಾನು ಯಾವತ್ತೂ ಹಿಂದೆಮುಂದೆ ನೋಡೋನಲ್ಲ.”

ಬಣ್ಣದ ಕೋಣೆಯ ಬಾಗಿಲು ತೆರೆದರೆ ಕಣ್ಣು ಚುರ್ ಎಂದಿತು. ತಂಗಿ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಸ್ಪ್ರೇ ಗನ್ನು ಹಿಡಿದಿದ್ದಳು.

“ಏನಂದ್ರು ಅಣ್ಣ?”

“ಎಂಟು ದಿನ ಅಂತೆ.”

“ಎಂಟು ದಿನಾನಾ? ಡಾಕ್ಟರು ನನಗೆ ಅದಕ್ಕಿಂತ ಜಾಸ್ತಿ ದಿನ ಕೊಟ್ಟಿದ್ದಾರೆ ಬಿಡು.” ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಕೆಮ್ಮು ನಿಲ್ಲಲಿಲ್ಲ. ಮೇಸ್ತ್ರಿ ಬೆನ್ನು ನೀವಿದ. ಮೋಟಾರಾಗಿದ್ದರೆ ಬಿಚ್ಚಿ ನೋಡಬಹುದಿತ್ತು.

“ಮನೆಗೆ ಹೋಗು.”

“ಹೋದ್ರೆ ನಾಳೆ ಈ ಗನ್ನು ಇನ್ನೊಬ್ಬಳ ಕೈಲಿರತ್ತೆ.”

ಅವನು ಕಿಟಕಿಯ ಚಿಲಕಕ್ಕೆ ಕೈ ಹಾಕಿದ. ಅವಳೇ ಓಡಿಬಂದು ಕೈ ಹಿಡಿದಳು.

“ಬೇಡಣ್ಣ! ಹಸಿ ಬಣ್ಣದ ಮೇಲೆ ಧೂಳು ಕೂತರೆ ಅಷ್ಟನ್ನೂ ಮತ್ತೆ ಹೊಡೀಬೇಕು. ಇನ್ನೊಂದು ಸಲ ಹೊಡೆಯೋ ಅಷ್ಟು ಉಸಿರಿಲ್ಲ ನನ್ನಲ್ಲಿ.”

ಮೇಸ್ತ್ರಿ ಚಿಲಕ ಬಿಟ್ಟ. ಗಂಟೆಗೊಮ್ಮೆ ಹತ್ತು ನಿಮಿಷ ಹೊರಗೆ ನಿಲ್ಲಲಾದರೂ ಬಿಡಲಿ ಎಂದು ಕೇಳಲು ಮತ್ತೆ ಮೆಟ್ಟಿಲು ಹತ್ತಿದ. ಯಜಮಾನರು ಫೋನಿನಲ್ಲಿದ್ದರು, ತಾಳು ಎಂದು ಅಂಗೈ ತೋರಿಸಿದರು. ಆ ಕಡೆ ಯಾರೋ ಗಿರಾಕಿ ಇರಬೇಕು, ದನಿ ಜೇನಾಗಿತ್ತು.

“ಅಯ್ಯೋ, ನಮ್ಮಲ್ಲೇ ತಯಾರಾದ ನೀಲಿ ಮೋಟಾರು ಸಾರ್, ಕಣ್ಣು ಮುಚ್ಚಿಕೊಂಡು ಹಾಕಿ, ನಮ್ಮ ಫ್ಯಾನುಗಳಿಗೂ ನಾವು ಅದನ್ನೇ ಹಾಕೋದು, ನಿಮ್ಮ ಐನೂರೂ ನಾಳೆ ಲಾರಿ ಹತ್ತತ್ತೆ, ಹೆಣ್ಣುಮಕ್ಕಳು ಬಣ್ಣ ಹೊಡೀತಾ ಇದ್ದಾರೆ.”