ಅಕ್ಕೋರ ಸೋಮವಾರ

ಧಾರವಾಡದ ಒಂದು ಪುಟ್ಟ ಬಾಡಿಗೆ ಮನೆ... ಬೆಳಗಿನ ಏಳು ಗಂಟೆ.

ಕಸ್ತೂರಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮೈಮೇಲೆ ಇನ್ನೂ ಬೆವರಿನ ಟೀ-ಶರ್ಟ್.

ಐದಕ್ಕೆ ಎದ್ದು, ಮುಖ ಗಂಟಿಕ್ಕಿಕೊಂಡೇ ಐದು ಕಿಲೋಮೀಟರ್ ಓಡಿ ಬಂದಿದ್ದಳು. ಇನ್ನು ಒಂಬತ್ತಕ್ಕೆ ಔಷಧಿ ಅಂಗಡಿಯ ಕೆಲಸ... ಅಲ್ಲಿ ದಿನವಿಡೀ ಕೌಂಟರಿನ ಹಿಂದೆ ನಿಂತೇ ಇರಬೇಕು.

"ಅವ್ವಾ... ಒಂದ ಮಾತು ಕೇಳ್ಲೇನು?" ಎಂಟು ವರ್ಷದ ಮಗಳು ಸಿಂಚನಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಆಮ್ಯಾಲ ಕೇಳವ್ವಾ... ಮೊದಲ ಬಾಚಣಿಗಿ ತಗೊಂಬಾ, ಹೆಳಲು ಹಾಕ್ತೀನಿ."

ಒಂದು ವಾರದಿಂದ ಇದೇ ಮಾತು, ಇದೇ ಉತ್ತರ.

"ಅವ್ವಾ, ರೊಟ್ಟಿ ಹೊತ್ತತು!"

ಕಸ್ತೂರಿ ಬೆಚ್ಚಿ ಕಣ್ಣು ಬಿಟ್ಟಳು. ನಿಂತಲ್ಲೇ ಜೊಂಪು ಹತ್ತಿತ್ತು... ಹೆಂಚಿನ ಮೇಲೆ ರೊಟ್ಟಿ ಕರಕಲಾಗಿತ್ತು.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು.

ಹಿಟ್ಟಿನ ಕೈಯಲ್ಲೇ ಹೋಗಿ ತೆರೆದರೆ, ಬೆಳ್ಳಗಿನ ಕೂದಲಿನ ಒಬ್ಬ ಅಜ್ಜಿ. ಇಳಕಲ್ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ.

"ಯಾರ ಬೇಕಾಗಿತ್ರೀ?"

"ಎಡಗಡೆ ಮೊಣಕೈ ಇನ್ನೂ ಹೊರಗ ಚಾಚೇ ಓಡ್ತೀಯಲ್ಲ ಕಸ್ತೂರಿ! ಮೂರು ವರ್ಷ ಬೈದ್ರೂ ನೆಟ್ಟಗಾಗ್ಲಿಲ್ಲ ನೋಡು!"

ಆ ದನಿ...

"ಅಕ್ಕೋರs!" ಕಸ್ತೂರಿಯ ಕಣ್ಣು ತುಂಬಿ ಬಂತು.

ಬಾಗೇವಾಡಿ ಅಕ್ಕೋರು. ಊರಿನ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಓಟ ಕಲಿಸಿದ ಟೀಚರ್.

ಮಗಳ ಮನೆಗೆಂದು ಹಿಂದಿನ ಓಣಿಗೆ ಬಂದು ಹದಿನೈದು ದಿನವಾಗಿತ್ತಂತೆ. ದಿನಾ ಮಾಳಿಗೆಯ ಮೇಲಿಂದ ಒಬ್ಬ ಹೆಂಗಸು ಓಡುವುದು ಕಾಣುತ್ತಿತ್ತಂತೆ. ಮುಖ ಕಾಣದಿದ್ದರೂ ಮೊಣಕೈ ಗುರುತು ಹೇಳಿತ್ತು.

"ಎಷ್ಟ ದಿನ ಆತು ಓಡಾಕತ್ತಿ?"

"ಎಪ್ಪತ್ತೆರಡ ದಿನ ಅಕ್ಕೋರ... ಒಂದಿನಾನೂ ತಪ್ಪಿಸಿಲ್ಲ!"

ಶಭಾಶ್ ಅನ್ನುತ್ತಾರೆಂದು ಕಾದಳು. ಅಕ್ಕೋರು ಅವಳ ಕಣ್ಣಿನ ಕೆಳಗಿನ ಕಪ್ಪನ್ನೇ ನೋಡುತ್ತಿದ್ದರು.

"ಇವತ್ತ ಯಾವ ವಾರ?"

"ಸೋಮವಾರ ರೀ..." ಹೇಳುತ್ತಲೇ ಕಸ್ತೂರಿಯ ತಲೆ ತಗ್ಗಿತು.

ಅವರ ಊರಲ್ಲಿ ಸೋಮವಾರ ಯಾರೂ ಎತ್ತಿಗೆ ನೊಗ ಹೂಡುತ್ತಿರಲಿಲ್ಲ. ಅದು ಬಸವಣ್ಣನ ವಾರ. ಎಷ್ಟೇ ಕೆಲಸವಿರಲಿ, ಎತ್ತಿನ ಮೈತೊಳೆದು ಮೇಯಲು ಬಿಡುತ್ತಿದ್ದರು.

ಅಕ್ಕೋರು ಆ ಪದ್ಧತಿಯನ್ನು ಶಾಲೆಯ ಮೈದಾನಕ್ಕೂ ತಂದಿದ್ದರು. "ಎತ್ತಿಗೇ ರಜಾ ಐತಿ, ನನ್ನ ಹುಡುಗ್ಯಾರಿಗೆ ಬ್ಯಾಡೇನು?"

ಸೋಮವಾರ ಸಂಜೆ ಎಲ್ಲರೂ ಬೇವಿನ ಮರದ ಕೆಳಗೆ ಕಾಲು ಚಾಚಿ ಕೂರಬೇಕು. ಅಕ್ಕೋರ ಚೀಲದಿಂದ ಹುರಿದ ಶೇಂಗಾ, ಬೆಲ್ಲ ಹೊರಬರುತ್ತಿತ್ತು. ಒಬ್ಬಳ ಕಾಲು ಇನ್ನೊಬ್ಬಳು ಒತ್ತುತ್ತಾ, ಹೊಟ್ಟೆ ಹುಣ್ಣಾಗುವಷ್ಟು ನಗು...

ಮಂಗಳವಾರ ಕಾಲುಗಳು ತಾವಾಗಿಯೇ ಓಡುತ್ತಿದ್ದವು.

ಈ ಎಪ್ಪತ್ತೆರಡು ದಿನಗಳಲ್ಲಿ ಹನ್ನೊಂದು ಸೋಮವಾರ ಬಂದು ಹೋಗಿದ್ದವು... ಒಂದೂ ಅವಳಿಗೆ ನೆನಪಾಗಿರಲಿಲ್ಲ.

"ಹೆದರಿಕಿ ಅಕ್ಕೋರ... ಮದುವಿ ಮುಂದ ಒಂದs ವಾರ ಅಂತ ಓಟಾ ಬಿಟ್ಟೆ. ಆ ವಾರ ಹದಿನಾರ ವರ್ಷ ಆತು. ಈಗ ಒಂದಿನ ಬಿಟ್ರ ಮತ್ತ ಕೈತಪ್ಪಿ ಹೊಕ್ಕೈತಿ ಅಂತ..."

ಕಸ್ತೂರಿ ಕೈಗಂಟಿದ ಹಿಟ್ಟನ್ನು ಉಜ್ಜಿ ತೆಗೆಯತೊಡಗಿದಳು.

"ಖರೇ ಹೇಳ್ತೀನಿ, ಸಾಕಾಗೇತಿ. ಪೂರಾ ಬಿಟ್ಟಬಿಡೂಣು ಅನಸ್ತೈತಿ."

"ಒಂದಿನ ನೆರಳಾಗ ನಿಂತ್ರ ಎತ್ತು ಹೊಲದ ದಾರಿ ಮರೀತೈತೇನ ಹುಚ್ಚಿ?"

ಅಕ್ಕೋರು ನಕ್ಕರು. ಆಮೇಲೆ ಅವರ ದನಿ ಸಣ್ಣದಾಯಿತು.

"ನಾ ಹತ್ತೊಂಬತ್ತರ ವಯಸ್ಸಿನ್ಯಾಗ ಓಟಾ ಬಿಟ್ಟಾಕಿ... ನಿಮಗ್ಯಾರಿಗೂ ಹೇಳಿದ್ದಿಲ್ಲ."

ಕಸ್ತೂರಿ ದಂಗಾದಳು. ಅಕ್ಕೋರೆಂದರೆ ಓಟ, ಓಟವೆಂದರೆ ಅಕ್ಕೋರು ಎಂದೇ ನಂಬಿದ್ದಳು.

"ಕಾಲ ಮುರಿದಿದ್ದಿಲ್ಲವ್ವಾ. ಜ್ವರದಾಗೂ ಓಡಿದೆ, ನಿದ್ದಿಗೆಟ್ಟೂ ಓಡಿದೆ. ಕಡೀಕ ಮೈದಾನ ಕಂಡ್ರ ಸಾಕು, ಅಳು ಬರ್ತಿತ್ತು. ಅಷ್ಟು ಪ್ರೀತಿ ಮಾಡಿದ್ದನ್ನ ನಾನs ಕೊಂದೆ... ಅದಕ್ಕs ನಿಮಗ ಸೋಮವಾರ ಕೊಟ್ಟಿದ್ದೆ."

ಸೆರಗಿನಿಂದ ಕಣ್ಣೊರೆಸಿಕೊಂಡು ಅಕ್ಕೋರು ನೇರ ಅಡುಗೆಮನೆಗೆ ನಡೆದರು.

"ಅಯ್ಯ, ಬ್ಯಾಡ್ರಿ ಅಕ್ಕೋರ! ನೀವ್ಯಾಕ..."

"ಟೀಚರಿಗೆ ಎದುರಾಡ್ತಿ? ಕುಂದ್ರು ಅಂದ್ರ ಕುಂದ್ರು! ನಾಕ ರೊಟ್ಟಿ ಬಡಿದ್ರ ನನ್ನ ಕೈಯೇನ ಸವೆಯೂದಿಲ್ಲ."

ಕಸ್ತೂರಿ ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆ ಕುಳಿತಳು. ಎಳೆಬಿಸಿಲಿಗೆ ಕಾಲು ಚಾಚಿದಳು.

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು... ಎಷ್ಟೋ ವರ್ಷಗಳ ನಂತರ, ತಾನು ಬಡಿಯದ ರೊಟ್ಟಿಯ ಸದ್ದು.

ನಾಳೆ ಓಡಬೇಕು ಅಂತ ಅವಳಿಗೇ ಅನಿಸಿತು. ಕೈತಪ್ಪೀತೆಂದು ಹೆದರಿ ಅಲ್ಲ... ಸುಮ್ಮನೆ, ಆಸೆಯಾಗಿ.

*ದಣಿವಾರಿಸಿಕೊಳ್ಳಲು ಒಂದು ದಿನ ನಿಂತವರೇ, ವರ್ಷಗಟ್ಟಲೆ ಓಡುತ್ತಾರೆ.*

ಸಿಂಚನಾ ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತಳು. ಕಸ್ತೂರಿ ಅವಳ ತಲೆ ನೇವರಿಸಿದಳು.

"ವಾರದಿಂದ ಏನೋ ಕೇಳಬೇಕಂತಿದ್ದಿ... ಈಗ ಕೇಳವ್ವಾ."

ಹುಡುಗಿ ಸ್ವಲ್ಪ ಹೊತ್ತು ಅವ್ವನ ಮುಖ ನೋಡಿದಳು. ಬೈಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕೇಳಿದಳು...

"ಅವ್ವಾ... ನೀ ದಿನಾ ಓಡೂದು ಖುಷಿಗೇನು, ಸಿಟ್ಟಿಗೇನು?"