ಇಡೀ ಮನೆ ನಿಮ್ಮದೇ

"ಇಡೀ ಮನೆ ನಿಮ್ಮದೇ, ಬೇರೆ ಯಾರೂ ಬರಲ್ಲ ಅಂತ ಆ್ಯಪ್‌ನಲ್ಲಿ ಬರೆದಿದ್ದೀರಲ್ಲ, ಹಾಗಿದ್ರೆ ಮಧ್ಯಾಹ್ನ ನಡುಮನೇಲಿ ಕೂತಿದ್ದ ಆ ಅಜ್ಜ ಯಾರು? ನನ್ನ ದುಡ್ಡು ಪೂರ್ತಿ ವಾಪಸ್ ಬೇಕು. ಅದರ ಮೇಲೆ ಪರಿಹಾರಾನೂ ಬೇಕು."

ಅರ್ಪಿತ ಬೀಗದ ಕೈಯನ್ನು ಮನೆ ಮಾಲೀಕ ವೇಣುಗೋಪಾಲನ ಜಗಲಿಯ ಮೇಲೆ ಕುಕ್ಕಿದಳು. ಎರಡು ದಿನ ಇರುತ್ತೇವೆಂದು ಬೆಳಗ್ಗೆಯಷ್ಟೇ ಬೆಂಗಳೂರಿನಿಂದ ಬಂದವಳು, ಸಂಜೆ ನಾಲ್ಕಕ್ಕೆಲ್ಲ ಗಂಟುಮೂಟೆ ಕಟ್ಟಿದ್ದಳು. ಅವಳ ಗಂಡ ಆಗಲೇ ಕಾರು ಸ್ಟಾರ್ಟ್ ಮಾಡಿ ಕೂತಿದ್ದ.

ವೇಣುಗೋಪಾಲನಿಗೆ ದುಡ್ಡಿಗಿಂತ ಆ್ಯಪ್‌ನಲ್ಲಿ ಸಿಗುವ ಸ್ಟಾರಿನ ಚಿಂತೆ. ಆವತಿಯ ತನ್ನ ಹಳೇ ಹೆಂಚಿನ ಮನೆಗೆ ಬಣ್ಣ ಬಳಿದು, ಉಯ್ಯಾಲೆ ತೂಗುಹಾಕಿ, ರಜೆಗೆ ಬರುವವರಿಗೆ ಬಾಡಿಗೆಗೆ ಬಿಟ್ಟು ಎಂಟು ತಿಂಗಳಾಗಿತ್ತು. ತಾನೂ ತಾಯಿಯೂ ಎದುರಿಗೇ ಕಟ್ಟಿಸಿದ ಹೊಸ ಮನೆಗೆ ಬಂದಿದ್ದರು. ಸಿಟಿಯವರಿಗೆ ನಾಲ್ಕು ಮರದ ಕಂಬ, ಒಂದಿಷ್ಟು ಕತ್ತಲೆ ಕಂಡರೆ ಸಾಕು, ಚೌಕಾಸಿಯನ್ನೇ ಮರೆಯುತ್ತಾರೆ. ಇಲ್ಲಿಯವರೆಗೆ ಒಬ್ಬರೂ ಐದು ಸ್ಟಾರಿಗೆ ಕಡಿಮೆ ಕೊಟ್ಟಿರಲಿಲ್ಲ. ಅವನು ಮೊಬೈಲಿನಲ್ಲಿ ಗೇಟಿನ ಕ್ಯಾಮರಾ ತೆರೆದು ತೋರಿಸಿದ.

"ನೋಡಿ ಮೇಡಂ, ಬೆಳಗ್ಗೆಯಿಂದ ನಿಮ್ ಕಾರು ಬಿಟ್ರೆ ಒಂದು ನಾಯೀನೂ ಒಳಗೆ ಬಂದಿಲ್ಲ. ಹಿಂದ್ಗಡೆ ಬಾಗಿಲಿಗೆ ನಾನೇ ಬೀಗ ಹಾಕಿದೀನಿ."

"ನಾನೂ ಅದನ್ನೇ ಹೇಳ್ತಿರೋದು! ಗೇಟಿಂದ ಬಂದಿಲ್ಲ ಅಂದ್ರೆ ಮೊದಲಿಂದ ಒಳಗೇ ಇದ್ರು. ಮನೇಲಿ ಒಬ್ಬರನ್ನ ಇಟ್ಕೊಂಡು ನಮಗೆ ಬಾಡಿಗೆಗೆ ಕೊಟ್ಟಿದ್ದೀರ."

ವೇಣುವಿನ ತಾಯಿ ಭಾಗ್ಯಮ್ಮ ಜಗಲಿಯ ತುದಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಬೆಳಗ್ಗೆಯಿಂದ ಒಂದು ತೊಟ್ಟು ನೀರೂ ಕುಡಿದಿರಲಿಲ್ಲ. ಅಂದು ಮಹಾಲಯ ಅಮಾವಾಸ್ಯೆ, ತೀರಿಹೋದ ಗಂಡ ಅಪ್ಪಯ್ಯಣ್ಣನಿಗೆ ಎಡೆ ಇಡುವ ದಿನ. ಗಾಂಧಿ ಜಯಂತಿಯೆಂದು ಮಾಂಸದ ಅಂಗಡಿ ಮುಚ್ಚಿದ್ದರಿಂದ ಮನೆಯ ಹುಂಜವನ್ನೇ ಕೊಯ್ದು ಸಾರು ಮಾಡಿದ್ದಳು. ಹೊಸ ಮನೆಯಲ್ಲೇ ಮುದ್ದೆ, ಸಾರು, ವಡೆ ಎಲೆಗೆ ಬಡಿಸಿ, ಹೊಸ ಪಂಚೆ, ಒಂದು ಕಟ್ಟು ಬೀಡಿ ಪಕ್ಕದಲ್ಲಿಟ್ಟು, ಆತ ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ತಾಯಿ ಮಗ ಹೊರಗೆ ಕಾದಿದ್ದರು. ಆದರೆ ತಾರಸಿಯ ಮೇಲಿಟ್ಟ ತುತ್ತನ್ನು ಕಾಗೆ ಮುಟ್ಟಲಿಲ್ಲ. ಎದುರಿನ ಹಳೇ ಮನೆಯ ಹೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದು, ಅಲ್ಲಿಂದಲೂ ಹಾರಿಹೋಯಿತು. ಆತ ಹಸಿದುಕೊಂಡು ಹೋದನೇನೋ ಎಂದು ಆಕೆ ಮತ್ತೆ ಮತ್ತೆ ಆ ಹೆಂಚಿನ ಕಡೆ ನೋಡುತ್ತಿದ್ದಳು.

ಪ್ರತಿ ವರ್ಷ ಎಡೆ ಇಡುತ್ತಿದ್ದುದು ಹಳೇ ಮನೆಯ ನಡುಮನೆಯಲ್ಲಿ, ಆತ ಪ್ರಾಣ ಬಿಟ್ಟ ಜಾಗದಲ್ಲಿ. ಈ ಸಲವೂ ಅಲ್ಲೇ ಇಡೋಣವೆಂದು ಆಕೆ ಅಂಗಲಾಚಿದ್ದಳು. "ರಜೆ ದಿನ, ಬುಕಿಂಗ್ ಬಂದೈತೆ ಕಣಮ್ಮ. ಎದುರಿಗೇ ಇದೀವಿ, ಅಪ್ಪಂಗೆ ಗೊತ್ತಾಗಲ್ವಾ?" ಎಂದುಬಿಟ್ಟಿದ್ದ ಮಗ.

"ಅವರು ಹೆಂಗೆ ಕೂತಿದ್ರವ್ವಾ?" ಎಂದಳು ಭಾಗ್ಯಮ್ಮ.

ಆ ದನಿಗೆ ಅರ್ಪಿತಳ ಸಿಟ್ಟು ಅರ್ಧ ಇಳಿಯಿತು. "ಕಂಬದ ಪಕ್ಕ, ಒಂದು ಮೊಣಕಾಲು ಮೇಲೆ ಮಾಡ್ಕೊಂಡು. ನನ್ನ ಕಡೆ ನೋಡ್ಲೇ ಇಲ್ಲ ಅಮ್ಮಾ. ಮುಂದಿನ ಬರೀ ನೆಲಾನೇ ನೋಡ್ತಾ, ಎರಡು ಬೆರಳಲ್ಲಿ ತಟ್ತಾ ಇದ್ರು. ನಮ್ಮನೆಯವರು ರೂಮಲ್ಲಿ ಮಲಗಿದ್ರು. ಕೂಗಿ ಎಬ್ಬಿಸೋಕೂ ಧೈರ್ಯ ಆಗಲಿಲ್ಲ."

ವೇಣುವಿನ ಕೈ ಮೊಬೈಲಿನ ಮೇಲೆ ಹಾಗೇ ನಿಂತಿತು. ಊಟ ತಡವಾದರೆ ಅಪ್ಪ ಬಾಯಿಬಿಟ್ಟು ಕೇಳಿದವನಲ್ಲ. ಹಾಗೆಯೇ ಎರಡು ಬೆರಳಲ್ಲಿ ನೆಲ ತಟ್ಟುತ್ತಿದ್ದ. ಆ ಸದ್ದು ಕಿವಿಗೆ ಬಿದ್ದರೆ ಅಮ್ಮ ಒಲೆಯ ಮುಂದಿನಿಂದ ಓಡಿ ಬರುತ್ತಿದ್ದಳು. ಅವನು ಮತ್ತೆ ವಾದಿಸದೆ ಮೊಬೈಲಿನಲ್ಲೇ ದುಡ್ಡು ಕಳಿಸಿದ.

"ಪೂರ್ತಿ ಹಾಕಿದೀನಿ ಮೇಡಂ. ಮೇಲೆ ಎರಡು ಸಾವಿರ ಪರಿಹಾರದ್ದೂ ಸೇರಿಸಿದೀನಿ."

ಜಗಳಕ್ಕೆ ಸಜ್ಜಾಗಿ ಬಂದಿದ್ದ ಅರ್ಪಿತಳಿಗೆ ಅವನು ಅಷ್ಟು ಸುಲಭವಾಗಿ ಒಪ್ಪಿದ್ದೇ ಭಯ ಹುಟ್ಟಿಸಿತು. "ಹಾಗಾದ್ರೆ ಅವರು ನಿಮ್ಮೋರೇ?" ಎಂದಳು. ವೇಣು ಹೌದೆಂದು ತಲೆಯಾಡಿಸಿದ.

ಭಾಗ್ಯಮ್ಮ ಆಗಲೇ ಒಳಗೆ ಹೋಗಿ, ಬಡಿಸಿದ್ದ ಎಲೆಯನ್ನು ಮೊರದ ಮೇಲಿಟ್ಟು ಎತ್ತಿಕೊಂಡು ಬಂದಿದ್ದಳು. ಬೆಳಗ್ಗೆಯಿಂದ ಮೊದಲ ಸಲ ಆಕೆಯ ಮುಖದಲ್ಲಿ ಕಳೆಯಿತ್ತು.

"ಆ ಬೀಗದ ಕೈ ತಗೊಳ್ಳೋ ವೇಣು. ಹೊತ್ತು ಮುಳುಗೋಕೆ ಇನ್ನೂ ಟೈಮೈತೆ. ಅಲ್ಲೇ ಇಟ್ರೆ ಬಂದೇ ಬರ್ತಾರೆ." ಮೆಟ್ಟಿಲಿಳಿದು ಕಾರಿನ ಹತ್ತಿರ ನಿಂತಳು. "ಹೋಗುವಾಗ ಏನಾದ್ರೂ ಅಂದ್ರೇನವ್ವಾ?"

ಕಾರಿನ ಬಾಗಿಲಿಗೆ ಕೈ ಹಾಕಿದ್ದ ಅರ್ಪಿತ ತಿರುಗಿದಳು. "ಒಂದೇ ಮಾತು. 'ಮನೆ ಮಾರ್ಬುಟ್ರಾ?' ಅಂದ್ರು."

"ನೀನೇನಂದೆ?"

"ಹೆದರಿಕೆ ಅಮ್ಮಾ... ಎದ್ದು ಹೋದ್ರೆ ಸಾಕು ಅಂತ, ಹೂಂ ಅಂದ್ಬಿಟ್ಟೆ."

ಭಾಗ್ಯಮ್ಮ ಹಿಡಿದಿದ್ದ ಮೊರ ವಾಲಿ, ಸಾರು ಎಲೆಯಿಂದ ಹರಿದು ಸೀರೆಯ ಮೇಲಿಳಿಯಿತು.

"ಆಮೇಲೆ?"

"ಎದ್ರು. ಬಾಗಿಲ ಹತ್ರ ಬಗ್ಗಿ, ಹೊಸಿಲು ಮುಟ್ಟಿ ಕಣ್ಣಿಗೆ ಒತ್ಕೊಂಡ್ರು. ಮತ್ತೆ ತಿರುಗಿ ನೋಡ್ಲಿಲ್ಲ."