ಒಂಬತ್ತನೆಯ ಭಾಗ

ಆ ಬಾಹ್ಯಾಕಾಶ ಸಿನಿಮಾ ಸರಣಿಯ ಯಾವ ಭಾಗ ಬಂದರೂ ಒಬ್ಬರನ್ನು ಬಿಟ್ಟು ಇನ್ನೊಬ್ಬರು ನೋಡುವಂತಿಲ್ಲ ಎಂದು ಮದುವೆಗೆ ಮೊದಲೇ ಗಂಡ ಹೆಂಡತಿ ಇಬ್ಬರೂ ಮಾತು ಕೊಟ್ಟುಕೊಂಡಿದ್ದರು.

ಒಂಬತ್ತನೆಯ ಭಾಗ ಬಿಡುಗಡೆಯಾಗಿ ವಾರಗಳೇ ಕಳೆದಿದ್ದವು. ಅವಳಿ ಮಕ್ಕಳನ್ನು ನೋಡಿಕೊಳ್ಳಲು ಅಜ್ಜಿ ಕೊನೆಗೂ ಒಪ್ಪಿದ್ದರಿಂದ ನಾಳೆಗೆ ಎರಡು ಟಿಕೆಟ್ ಕಾದಿರಿಸಿದ್ದರು. ಮಕ್ಕಳ ಚಡ್ಡಿಗಳ ರಾಶಿ ಮಡಚುತ್ತಾ ಕುಳಿತವರ ನಡುವೆ ಯಾವ ಭಾಗ ಚೆನ್ನ ಎಂಬ ಹಳೆಯ ಜಗಳ ಶುರುವಾಯಿತು.

“ನಾಲ್ಕನೇದೇ ಬೆಸ್ಟು. ಆರನೇದು ಬರೀ ತೌಡು ಕುಟ್ಟಿದ್ದು,” ಎಂದ ಅವನು.

“ನಿನ್ ತಲೆ! ಒಂಬತ್ತನೇದಕ್ಕಿಂತ ಆರನೇದು ಎಷ್ಟೋ ವಾಸಿ,” ಎಂದವಳು ನಾಲಿಗೆ ಕಚ್ಚಿಕೊಂಡಳು.

ಅವನ ಕೈಯಲ್ಲಿದ್ದ ಚಡ್ಡಿ ಕೆಳಗೆ ಬಿತ್ತು. “ನೋಡ್ಬಿಟ್ಟಿದೀಯಾ? ನನ್ನ ಬಿಟ್ಟು?”

“ಆಫೀಸಿನವರು ಎಳ್ಕೊಂಡು ಹೋದ್ರು ಕಣೋ.”

“ಕೊಟ್ಟ ಮಾತಿಗೆ ಬೆಲೆ ಇಲ್ವೇನೇ? ಹೇಗೆ ಮನಸ್ಸು ಬಂತು ನಿಂಗೆ?”

“ನೆಮ್ಮದಿಯಾಗೇನೂ ನೋಡ್ಲಿಲ್ಲ. ಕೊನೇಲಿ ಆ ಡಬ್ಬಾ ರೋಬೋಟ್ ಸತ್ತಾಗ ನಿನ್ನ ನೆನೆಸ್ಕೊಂಡು ಅತ್ಬಿಟ್ಟೆ,” ಎಂದು ಅವಳು ಮತ್ತೆ ಕಣ್ಣೊರೆಸಿಕೊಂಡಳು.

ಅವನು ಪಕ್ಕಕ್ಕೆ ಸರಿದು ಅವಳ ಹೆಗಲು ಬಳಸಿದ.

“ಅಯ್ಯೋ, ಅಳಬೇಡ್ವೇ. ಅದೆಲ್ಲಿ ಸತ್ತಿದೆ? ಪರದೆ ಮೇಲೆ ಹೆಸರುಗಳೆಲ್ಲ ಮುಗಿದ್ಮೇಲೆ ಮತ್ತೆ ಕಣ್ಣು ಬಿಡುತ್ತೆ. ಅಲ್ಲೀವರೆಗೂ ಕೂತಿರಬೇಕು ತಾನೇ?”